ಮೊದಲ ದಿನದ ಸಾಲ

ಕುದುರೆ ಕಂಡರೆ ಕಾಲುನೋವು ಅಂತ ಗಾದೆ. ನನಗೆ ಆ ನೋವು ಶುರುವಾಗಿದ್ದು 2021ರ ಜುಲೈ ಕೊನೆಯಲ್ಲಿ, ಕೊಣನೂರಿನ ನಮ್ಮ ಮನೆ ಜಗಲಿ ಮೇಲೆ.

ಬೆಂಗಳೂರಿನ ಪಿಜಿ ಖಾಲಿ ಮಾಡಿ, ಲ್ಯಾಪ್‌ಟಾಪ್ ಹೊತ್ಕೊಂಡು ಊರು ಸೇರಿ ವರ್ಷ ದಾಟಿತ್ತು. ಮನೇಲಿ ನೆಟ್‌ವರ್ಕ್ ಸಿಗ್ತಿದ್ದದ್ದು ಜಗಲಿಯ ಒಂದೇ ಮೂಲೆಯಲ್ಲಿ, ಅದು ತಾತ ಕೂರುವ ಜಾಗ. ಹಾಗಾಗಿ ಟೋಕಿಯೋ ಒಲಿಂಪಿಕ್ಸನ್ನು ನಾವಿಬ್ಬರೂ ಒಂದೇ ಫೋನಿನಲ್ಲಿ ನೋಡಿದೆವು. ಅವತ್ತು ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ ಸ್ಪರ್ಧೆಯ ವಿಡಿಯೋ. ಕುದುರೆ ಬೇಲಿ ಹಾರುತ್ತೆ, ನೀರಿಗೆ ಧುಮುಕುತ್ತೆ ಅಂತ ಕಾದು ಕೂತಿದ್ದೆ. ನೋಡಿದರೆ, ಕೋಟು ಹಾಕಿದ ಸವಾರ ಮರಳಿನ ಅಂಗಳದಲ್ಲಿ ಕುದುರೆಯನ್ನು ಸುತ್ತು ಹಾಕಿಸುತ್ತಿದ್ದಾನೆ, ಓರೆಯಾಗಿ ನಡೆಸುತ್ತಿದ್ದಾನೆ, ನಿಲ್ಲಿಸುತ್ತಿದ್ದಾನೆ. ಇಷ್ಟೇನಾ ಅಂತ ವಿಡಿಯೋ ಮುಂದಕ್ಕೆ ಓಡಿಸೋಕೆ ಹೋದೆ. ತಾತ ನನ್ನ ಕೈ ಹಿಡಿದರು.

“ಇರ್ಲಾ. ಅವ್ನು ಹಗ್ಗ ಎಳೀತಾನೇ ಇಲ್ಲ. ಅದ್ರ ಬಾಯಿ ನೋಡು.”

ನನ್ನ ತಾತ ಕುದುರೆ ಹತ್ತಿದವರಲ್ಲ. ಎತ್ತು ಪಳಗಿಸಿದವರು. ಆದರೆ ಆ ಸುತ್ತಾಟದಲ್ಲಿ ನನಗೆ ಕಾಣದ್ದೇನೋ ಅವರಿಗೆ ಕಂಡಿತ್ತು. ಅದೇನು ಅಂತ ಹುಡುಕುತ್ತಾ ಹೋಗಿ ಸಿಕ್ಕಿದ್ದು ಮೂರು ಸಾವಿರ ವರ್ಷಕ್ಕೂ ಹಳೆಯ ಕಥೆ.

*

ಮೊದಲು ಆಟ ಏನು ಅಂತ ಹೇಳಿಬಿಡ್ತೀನಿ. ಈವೆಂಟಿಂಗ್‌ನಲ್ಲಿ ಒಬ್ಬ ಸವಾರ, ಒಂದು ಕುದುರೆ, ಮೂರು ಪರೀಕ್ಷೆ. ಮೊದಲು ಡ್ರೆಸಾಜ್, ಅಂದರೆ ಆ ಮರಳಿನ ಅಂಗಳದ ಕೆಲಸ. ಆಮೇಲೆ ಕ್ರಾಸ್ ಕಂಟ್ರಿ. ಟೋಕಿಯೋದಲ್ಲಿ ಅದು ಸುಮಾರು 4.4 ಕಿಲೋಮೀಟರ್, ಮುಗಿಸಲು ಕೊಟ್ಟ ಸಮಯ 7 ನಿಮಿಷ 45 ಸೆಕೆಂಡ್. ದಾರಿಯಲ್ಲಿ ದಿಮ್ಮಿ, ಹಳ್ಳ, ನೀರು ಎಲ್ಲ ಹಾರಬೇಕು. ಕೊನೆಗೆ ಶೋ ಜಂಪಿಂಗ್, ಅಲ್ಲಿ ಕಂಬ ಬೀಳಿಸಿದರೆ ತಲಾ 4 ದಂಡ.

ಡ್ರೆಸಾಜ್ ಅಂಗಳ 60 ಮೀಟರ್ ಉದ್ದ, 20 ಮೀಟರ್ ಅಗಲ. ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳ ಫಲಕ. ಇಂಥ ಅಕ್ಷರದ ಹತ್ತಿರ ಕುಕ್ಕುಲೋಟ, ಇಲ್ಲಿಂದ ಅಲ್ಲಿಗೆ ಅಡ್ಡ ನಡಿಗೆ, ಇಲ್ಲಿ ನಿಂತು ನಮಸ್ಕಾರ ಅಂತ ಎಲ್ಲ ಮೊದಲೇ ಬರೆದಿಟ್ಟ ಪಟ್ಟಿ. ಪ್ರತಿ ಚಲನೆಗೆ ತೀರ್ಪುಗಾರರು 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಶೇಕಡಾವಾರು ತೆಗೆದು, ಅದನ್ನು 100ರಿಂದ ಕಳೆದರೆ ಬರೋದು ನಿಮ್ಮ ದಂಡ. 72 ಪರ್ಸೆಂಟ್ ತೆಗೆದರೆ 28 ದಂಡ. ಫವಾದ್ ಮತ್ತು ಅವರ ಕುದುರೆ ಸೀನ್ಯೂರ್ ಮೆಡಿಕಾಟ್ ಅವತ್ತು ತೆಗೆದದ್ದು ಅಷ್ಟೇ: 28.00. ಡ್ರೆಸಾಜ್ ಮುಗಿದಾಗ ಅವರು ಜಗತ್ತಿನ ಘಟಾನುಘಟಿಗಳ ನಡುವೆ 9ನೇ ಸ್ಥಾನದಲ್ಲಿದ್ದರು.

ಈ 28 ಒಂಥರಾ ಸಾಲ. ನಮ್ಮ ಇಎಂಐಗಿಂತ ಕಠಿಣ, ಯಾಕಂದ್ರೆ ಇದನ್ನು ತೀರಿಸೋಕೆ ಆಗಲ್ಲ. ಮುಂದಿನ ಎರಡು ಪರೀಕ್ಷೆಯಲ್ಲಿ ನೀವು ಎಷ್ಟೇ ಚೆನ್ನಾಗಿ ಓಡಿಸಿ, ಒಂದು ಪಾಯಿಂಟೂ ಕಮ್ಮಿಯಾಗಲ್ಲ, ಸೇರುತ್ತಾ ಹೋಗುತ್ತೆ ಅಷ್ಟೆ. ಫವಾದ್ ಕ್ರಾಸ್ ಕಂಟ್ರಿಯಲ್ಲಿ 28 ಸೆಕೆಂಡ್ ತಡ ಮಾಡಿದರು, 11.20 ಸೇರಿತು. ಜಂಪಿಂಗ್‌ನ ಮೊದಲ ಸುತ್ತಿನಲ್ಲಿ 8 ಸೇರಿತು. ಆದರೂ 25 ಜನರ ಫೈನಲ್‌ಗೆ ಬಂದು 59.60ಕ್ಕೆ 23ನೆಯವರಾಗಿ ಮುಗಿಸಿದರು. ಮೊದಲ ದಿನದ ಸಾಲ ಇನ್ನೊಂದು ಐದಾರು ಜಾಸ್ತಿ ಇದ್ದಿದ್ದರೆ ಆ ಫೈನಲ್ ಬಾಗಿಲು ತೆರೀತಿತ್ತಾ ಅನ್ನೋದು ಅನುಮಾನ.

ಹಾಗಂತ ಡ್ರೆಸಾಜ್ ಒಂದೇ ಗೆಲ್ಲಿಸಲ್ಲ. ಅವತ್ತು ಡ್ರೆಸಾಜ್‌ನಲ್ಲಿ 21.10ಕ್ಕೆ ಎಲ್ಲರಿಗಿಂತ ಮುಂದಿದ್ದ ಜರ್ಮನಿಯ ಮಿಖಾಯೆಲ್ ಯುಂಗ್, ಕ್ರಾಸ್ ಕಂಟ್ರಿಯಲ್ಲಿ ಒಂದು ಸುರಕ್ಷತಾ ಪಿನ್ ಮುರಿದು 11 ದಂಡ ತೆತ್ತು ಪದಕದಿಂದ ದೂರವಾದರು. ಚಿನ್ನ ಗೆದ್ದಿದ್ದು ಅದೇ ದೇಶದ ಯೂಲಿಯಾ ಕ್ರಯೆವ್ಸ್ಕಿ, ಒಟ್ಟು 26ಕ್ಕೆ. ಕಡಿಮೆ ಸಾಲ ಮಾಡಿ, ಆಮೇಲೆ ಹೆಚ್ಚುಕಮ್ಮಿ ಏನೂ ಸೇರಿಸದವರು.

*

ಈ ಅಂಗಳದ ಕೆಲಸ ಆಟಕ್ಕೆ ಬಂದದ್ದು ಹೇಗೆ? ಡ್ರೆಸಾಜ್ ಅನ್ನೋದು ಫ್ರೆಂಚ್ ಮಾತು, ಪಳಗಿಸುವುದು, ತರಬೇತಿ ಕೊಡುವುದು ಎಂಬರ್ಥದ್ದು. ಈವೆಂಟಿಂಗ್‌ನ ಹಳೇ ಹೆಸರೇ ‘ಮಿಲಿಟರಿ’. ಅಶ್ವದಳದ ಅಧಿಕಾರಿಯ ಕುದುರೆ ಪೆರೇಡ್‌ನಲ್ಲಿ ಸದ್ದಿಲ್ಲದೆ ನಿಲ್ಲಬೇಕು, ಮಾರನೇ ದಿನ ಕಾಡುಮೇಡು ದಾಟಬೇಕು, ಅದರ ಮಾರನೇ ದಿನವೂ ಕೆಲಸಕ್ಕೆ ಬರುವ ಹಾಗಿರಬೇಕು. ಮೂರು ಪರೀಕ್ಷೆ ಹುಟ್ಟಿದ್ದೇ ಇದನ್ನು ಅಳೆಯೋಕೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಈ ಸ್ಪರ್ಧೆ ಬಂದಾಗ ಸೇನಾಧಿಕಾರಿಗಳಿಗೆ ಮಾತ್ರ ಪ್ರವೇಶ. 1924ರ ಪ್ಯಾರಿಸ್ ಹೊತ್ತಿಗೆ ಈಗಿನ ಕ್ರಮ ನಿಂತಿತು, ಡ್ರೆಸಾಜ್ ಮೊದಲು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1964ರಲ್ಲಿ, ಅದೂ ಟೋಕಿಯೋದಲ್ಲೇ. ಒಬ್ಬ ಹೆಣ್ಣುಮಗಳು ಈ ಆಟದ ವೈಯಕ್ತಿಕ ಚಿನ್ನ ಗೆಲ್ಲೋಕೆ ಮತ್ತೆ 57 ವರ್ಷ ಬೇಕಾಯ್ತು. ಮೇಲೆ ಹೇಳಿದ ಕ್ರಯೆವ್ಸ್ಕಿಯೇ ಆಕೆ.

ಪಳಗಿಸುವ ವಿದ್ಯೆ ಮಾತ್ರ ಒಲಿಂಪಿಕ್ಸ್‌ಗಿಂತ ಎಷ್ಟೋ ಹಳೆಯದು. ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ ಕ್ರಿ.ಪೂ. 14ನೇ ಶತಮಾನದ ಸುಮಾರಿನ ಜೇಡಿಮಣ್ಣಿನ ಹಲಗೆಗಳು ಸಿಕ್ಕಿವೆ. ಕಿಕ್ಕುಲಿ ಎಂಬ ಮಿತಾನ್ನಿ ದೇಶದ ತರಬೇತುದಾರ ರಥದ ಕುದುರೆಗಳನ್ನು ದಿನಕ್ಕೆಷ್ಟು ಓಡಿಸಬೇಕು, ಯಾವಾಗ ನೀರು ಕೊಡಬೇಕು ಅಂತ ಅದರಲ್ಲಿ ಲೆಕ್ಕ ಇಟ್ಟಿದ್ದಾನೆ. ಸುತ್ತುಗಳನ್ನು ಹೇಳುವಾಗ ಅವನು ಬಳಸುವ ಪದಗಳು ಐಕ-ವರ್ತನ, ಪಂಜ-ವರ್ತನ, ಸತ್ತ-ವರ್ತನ. ಏಕ, ಪಂಚ, ಸಪ್ತ. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತು. ನಮ್ಮ ಅಮರಕೋಶ ಕೂಡ ಕುದುರೆಯ ಐದು ಗತಿಗಳನ್ನು ಬೇರೆ ಬೇರೆ ಹೆಸರಿಟ್ಟು ಹೇಳುತ್ತೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ನಡಿಗೆಗೆ ಇಷ್ಟು ಹೆಸರಿಡಬೇಕಾದರೆ ಅದನ್ನು ಗಮನಿಸುವ ಕಣ್ಣೂ ಇದ್ದಿರಲೇಬೇಕು.

ಕನ್ನಡ ನಾಡಿಗೆ ಬನ್ನಿ. ಕಲ್ಯಾಣದಿಂದ ಆಳಿದ ಚಾಳುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಪಟ್ಟಿ ಇದೆ. ಅದರಲ್ಲಿ ವಾಜಿವಾಹ್ಯಾಳಿ ಒಂದು, ಅಂದರೆ ಕುದುರೆ ಮೇಲೆ ಕೂತು ಚೆಂಡಾಡುವ ಆಟ. ಅದೇ ಶತಮಾನದಲ್ಲಿ ನಮ್ಮ ಹಾಸನ ಜಿಲ್ಲೆಯ ಹಳೇಬೀಡಿನ ಗೋಡೆಗೆ ಹೊಯ್ಸಳ ಶಿಲ್ಪಿಗಳು ಕುದುರೆ ಸವಾರರ ಪಟ್ಟಿಕೆ ಕೆತ್ತಿದರು. ಸ್ಕೂಲ್ ಟ್ರಿಪ್ಪಿನಲ್ಲಿ ನಾನದನ್ನು ನೋಡಿದ್ದೆ, ಅಂದರೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆ.

ಆಮೇಲೆ ಮೈಸೂರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿಯಲು ಕುದುರೆ ಏರಿ ನುಗ್ಗಿದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಮೇಖ್ರಿ ಸರ್ಕಲ್ ಟ್ರಾಫಿಕ್ಕಿನಲ್ಲಿ ನಿಂತು ಬೈಯುವ ನಮಗೆ ಅದು ಕಣ್ಣಿಗೇ ಬೀಳಲ್ಲ. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಅಶ್ವದಳಗಳನ್ನೆಲ್ಲ ಸೇರಿಸಿ 1953ರಲ್ಲಿ 61ನೇ ಕ್ಯಾವಲ್ರಿ ಕಟ್ಟಿದರು. ಮೈಸೂರಿನವರೂ ಅದರಲ್ಲಿ ಸೇರಿಹೋದರು. ಅದೇ 61ನೇ ಕ್ಯಾವಲ್ರಿಯ ರಘುಬೀರ್ ಸಿಂಗ್ 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ ಚಿನ್ನ ಗೆದ್ದರು. ಅದಾದ ಮೇಲೆ ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಏಷ್ಯನ್ ಪದಕ ಬಂದದ್ದು 36 ವರ್ಷದ ನಂತರ, 2018ರ ಜಕಾರ್ತಾದಲ್ಲಿ, ಫವಾದ್ ಮೂಲಕ. ಅವರದು 26.40, ಚಿನ್ನ ಗೆದ್ದ ಜಪಾನಿನ ಯೋಶಿಯಾಕಿ ಓಯಿವಾ ಅವರದು 22.70. ಇಬ್ಬರ ನಡುವಿನ ಅಂತರ ಒಂದು ಕಂಬಕ್ಕಿಂತ ಕಮ್ಮಿ.

ಫವಾದ್ ಸೈನಿಕನಲ್ಲ. ಕುದುರೆ ವೈದ್ಯರ ಮಗ, ಬೆಂಗಳೂರಿನಲ್ಲಿ ಬೆಳೆದು ಜರ್ಮನಿಗೆ ಹೋಗಿ ಸಾಂಡ್ರಾ ಔಫಾರ್ಟ್ ಹತ್ತಿರ ಕಲಿತವರು. ಕುದುರೆಯೂ ಜರ್ಮನಿಯದೇ, ಮೊದಲು ಅದನ್ನು ಸವಾರಿ ಮಾಡುತ್ತಿದ್ದವರು ಬೆಟಿನಾ ಹೋಯ್. ಇದು ದುಡ್ಡಿನ ಆಟ, ಬೆನ್ನಿಗೆ ಪ್ರಾಯೋಜಕರು ಬೇಕು. ನಮ್ಮ ಕೊಣನೂರಿನ ಹುಡುಗನೊಬ್ಬ ನಾಳೆ ಇದಕ್ಕೆ ಹೋಗ್ತಾನೆ ಅಂತ ನಾನು ಹೇಳಲ್ಲ. ಆದರೆ ಡ್ರೆಸಾಜ್‌ನಲ್ಲಿ ಅಂಕ ತರೋದು ದುಡ್ಡೊಂದೇ ಅಲ್ಲ.

*

ಹಾಗಾದರೆ ಏನು? ಇದನ್ನು ನಾನು ಓದಿದ್ದಕ್ಕಿಂತ ಹೆಚ್ಚು ಬಿದ್ದು ಕಲಿತೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಊರಾಚೆಯ ಒಂದು ರೈಡಿಂಗ್ ಕ್ಲಾಸಿಗೆ ವಾರಕ್ಕೊಮ್ಮೆ ಹೋದೆ. ನನಗೆ ಕೊಟ್ಟಿದ್ದು ಒಂದು ಮುದಿ ಹೆಣ್ಣು ಕುದುರೆ. ಲಗಾಮು ಕೈಗೆ ಬಂದ ತಕ್ಷಣ ನಾನು ಮಾಡಿದ್ದು ಎಳೆದದ್ದು. ಎಳೆದಷ್ಟೂ ಅದು ತಲೆ ಮೇಲೆತ್ತಿತು, ಬೆನ್ನು ತಗ್ಗಿಸಿತು, ಕಲ್ಲಿನ ಹಾಗೆ ಬಿಗಿಯಾಯಿತು. ಪಾಠ ಹೇಳುತ್ತಿದ್ದವರು ಅಶ್ವದಳದಿಂದ ನಿವೃತ್ತರಾದವರು. “ಸರ್, ಕೈಯಲ್ಲಿ ಕೂಗ್ತಾ ಇದ್ದೀರ. ಸ್ವಲ್ಪ ಸೊಂಟದಲ್ಲಿ ಮಾತಾಡಿ” ಅಂದರು.

ಮಾತಾಡೋದು ಅಂದ್ರೆ ಇಷ್ಟು. ಕುದುರೆಯ ಪ್ರತಿ ಹೆಜ್ಜೆಗೂ ಸವಾರನ ಸೊಂಟ ಬಾಗಬೇಕು, ಕೈ ಮಾತ್ರ ಅಲುಗಬಾರದು. ಕಾಲಿನ ಒತ್ತಿಗೆ ಕುದುರೆಯ ಹಿಂಗಾಲು ಹೊಟ್ಟೆಯಡಿಗೆ ಬರಬೇಕು, ಆ ಬಲ ಬೆನ್ನ ಮೇಲೆ ಹಾದು ಬಾಯಿಗೆ ತಲುಪಿದಾಗ ಕೈ ಅದನ್ನು ಮೆತ್ತಗೆ ಸ್ವೀಕರಿಸಬೇಕು. ಮುಂದಿನ ಚಲನೆಗೆ ಮೊದಲು ಅರೆಕ್ಷಣ ಬಿಗಿದು ಬಿಡುವುದನ್ನು ಹಾಫ್ ಹಾಲ್ಟ್ ಅಂತಾರೆ. ಕುದುರೆಗೆ “ಕೇಳು, ಏನೋ ಹೇಳ್ತೀನಿ” ಅನ್ನೋದು ಅದು. ಜರ್ಮನ್ ಅಶ್ವದಳದ ಪರಂಪರೆಯಿಂದ ಬೆಳೆದ ಆರು ಮೆಟ್ಟಿಲುಗಳಿವೆ: ಲಯ, ಮೈಸಡಿಲ, ಬಾಯಿಯ ಸಂಪರ್ಕ, ಹುರುಪು, ನೇರ ನಡಿಗೆ, ಕೊನೆಗೆ ಮೈಯನ್ನು ಹಿಂಗಾಲ ಮೇಲೆ ಕೂಡಿಸಿಕೊಳ್ಳುವುದು. ಕೆಳಗಿನ ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಹಾರಿದವರ ಬಣ್ಣ ಅಂಗಳದಲ್ಲಿ ಬಯಲಾಗುತ್ತೆ.

ಬರೀ ಡ್ರೆಸಾಜ್ ಆಡುವ ಕುದುರೆಗೆ ಇಷ್ಟು ಸಾಕು. ಈವೆಂಟಿಂಗ್ ಸವಾರನ ಕಷ್ಟ ಬೇರೆ. ಅವನ ಕುದುರೆ ಇನ್ನೆರಡು ದಿನದಲ್ಲಿ ನಾಗಾಲೋಟ ಓಡಬೇಕು, ಅದಕ್ಕೆ ತಿಂಗಳುಗಟ್ಟಲೆ ಕಸುವು ತುಂಬಿಸಿಟ್ಟಿದ್ದಾರೆ. ಆ ಕಸುವು ಮೈಯಲ್ಲಿ ಕುದಿಯುತ್ತಿರುವಾಗ ಸುತ್ತಲೂ ಕ್ಯಾಮೆರಾ, ಬಾವುಟ, ಗುರುತಿಲ್ಲದ ಸ್ಟೇಡಿಯಂ. ಅದನ್ನು ಹಿಸುಕಿದರೆ ನಡಿಗೆ ಸಾಯುತ್ತೆ, ಅಂಕ 5ಕ್ಕೆ ಇಳಿಯುತ್ತೆ. ಬಿಟ್ಟರೆ ಕುದುರೆ ಕೈತಪ್ಪುತ್ತೆ. ದೊಡ್ಡ ಸವಾರರ ಜಾಣತನ ಅಂಗಳಕ್ಕೆ ಬರುವ ಮೊದಲೇ ಶುರುವಾಗುತ್ತೆ. ಈ ಕುದುರೆಗೆ ಇವತ್ತು ಇಪ್ಪತ್ತು ನಿಮಿಷ ಬೆವರಿಳಿಸಬೇಕಾ, ಬೆಳಗ್ಗೆ ಒಂದು ಸಲ ಸುಮ್ಮನೆ ನಡೆಸಿ ತರಬೇಕಾ? ಆ ಲೆಕ್ಕ ಪ್ರತಿ ಕುದುರೆಗೂ, ಪ್ರತಿ ದಿನಕ್ಕೂ ಬೇರೆ.

ಒಳಗೆ ಹೋದ ಮೇಲೆ ಅವರು ಇನ್ನೊಂದು ಮಾಡ್ತಾರೆ, ಸುಲಭದ ಅಂಕ ಬಿಡಲ್ಲ. ನಡುಗೆರೆಯಲ್ಲಿ ನೇರ ಬರುವುದು, ನಾಲ್ಕೂ ಕಾಲು ಚೌಕವಾಗಿ ನಿಲ್ಲುವುದು, ವೃತ್ತ ಮೊಟ್ಟೆಯಾಗದೆ ವೃತ್ತವಾಗಿಯೇ ಇರುವುದು, ಅಕ್ಷರದ ಎದುರಲ್ಲೇ ನಡಿಗೆ ಬದಲಾಗುವುದು. ಇದಕ್ಕೆ ಕೋಟಿಯ ಕುದುರೆ ಬೇಡ. ಕುಣಿಯುವ ಟ್ರಾಟ್‌ಗೆ 8 ಸಿಗದಿದ್ದರೂ ಇಂಥ ಎಡೆಗಳಲ್ಲಿ ಅರ್ಧ ಅರ್ಧ ಅಂಕ ಉಳಿಸಿದವರ ಸಾಲ ಕೊನೆಗೆ ನಾಲ್ಕೈದು ಕಮ್ಮಿ ಇರುತ್ತೆ. ಅಂದರೆ ಒಂದು ಕಂಬ. ಜಕಾರ್ತಾ ನೆನಪಿಸಿಕೊಳ್ಳಿ.

*

ಅವತ್ತು ಜಗಲಿ ಮೇಲೆ ವಿಡಿಯೋ ಮುಗಿದ ಮೇಲೆ ತಾತ ಸುಮ್ಮನೆ ಕೂತಿದ್ದರು. ಆಮೇಲೆ ನಾನು ಕೇಳದೆಯೇ ಒಂದು ವಿಷಯ ಹೇಳಿದರು.

ಮದುವೆಯಾದ ಹೊಸದರಲ್ಲಿ ಅವರ ಹತ್ತಿರ ಒಂದು ಹೋರಿಕರು ಇತ್ತಂತೆ. ಚುರುಕು, ಆದರೆ ಹೊಲದ ಕೊನೆಯಲ್ಲಿ ಎಡಕ್ಕೆ ತಿರುಗೋಕೆ ಹಟ. ಒಂದು ಸಂಜೆ ಮಳೆ ಬರೋ ಹಾಗಿತ್ತು, ಇನ್ನೂ ನಾಲ್ಕು ಸಾಲು ಉಳಿದಿತ್ತು. ಸಿಟ್ಟಿನಲ್ಲಿ ಮೂಗುದಾರ ಜಗ್ಗಿದರು. ಮೂಗು ಹರಿಯಿತು.

“ಗಾಯ ಮಾಗ್ತು. ಬಲಕ್ಕೆ ಹೂವಿನಂಗೆ ತಿರುಗೋದು. ಎಡಕ್ಕೆ ಅಂದ್ರೆ ಸಾಯೋಗಂಟ ನಡುಗ್ತಿತ್ತು ಕಣ್ಲಾ. ನಾನು ಹಗ್ಗ ಮುಟ್ಟದೇ ಇದ್ರೂ.”

ಆಮೇಲೆ ಅವರು ಪಳಗಿಸಿದ ಯಾವ ಎತ್ತಿಗೂ ಹಗ್ಗ ಜಗ್ಗಲಿಲ್ಲವಂತೆ. ಬರೀ ನಾಲಿಗೆಯ ಸದ್ದು, ಬೆನ್ನ ಮೇಲೆ ಕೈ, ಬೇಕಾದಷ್ಟು ಹೊತ್ತು. ಊರಿನವರು ಅವರನ್ನು ನಿಧಾನದ ಆಸಾಮಿ ಅಂತಿದ್ದರು.

ತೀರ್ಪುಗಾರರು ನೋಡೋದು ಆ ನಾಲ್ಕು ನಿಮಿಷ ಮಾತ್ರ ಅಂದುಕೊಂಡಿದ್ದೆ. ಕುದುರೆಯ ಬಾಯಲ್ಲಿ, ಕಿವಿಯಲ್ಲಿ, ಬೆನ್ನಲ್ಲಿ ಹಿಂದಿನ ನಾಲ್ಕಾರು ವರ್ಷದ ಪ್ರತಿ ಸಂಜೆಯೂ ಬರೆದಿರುತ್ತೆ. ಯಾರೂ ನೋಡದಿದ್ದಾಗ, ಮಳೆ ಬರೋ ಹಾಗಿದ್ದಾಗ, ಇನ್ನೂ ನಾಲ್ಕು ಸಾಲು ಉಳಿದಿದ್ದಾಗ ಸವಾರ ಏನು ಮಾಡಿದ ಅನ್ನೋದು. ಎಳೆದವನ ಕುದುರೆ ಅಂಗಳದಲ್ಲಿ ಅದನ್ನು ಹೇಳಿಬಿಡುತ್ತೆ. ‘ಕಡಿವಾಣ ಹಾಕು’ ಅಂದರೆ ತಡೆ, ನಿಲ್ಲಿಸು ಅಂತಲೇ ನಾವು ಇವತ್ತಿಗೂ ಪತ್ರಿಕೆಗಳಲ್ಲಿ ಬರೀತೀವಿ. ಆ ಮಾತು ಚಾಲ್ತಿಗೆ ತಂದವರು ಕುದುರೆ ಹತ್ತಿದವರಂತೂ ಅಲ್ಲ ಅನ್ನಿಸುತ್ತೆ.

ಎತ್ತುಗಳನ್ನು ಮಾರಿ ಟಿಲ್ಲರ್ ತಂದು ನಮ್ಮನೇಲಿ ಎಷ್ಟೋ ವರ್ಷವಾಯ್ತು. ಕೊಟ್ಟಿಗೆಯ ಮೊಳೆಯಲ್ಲಿ ಒಂದು ಹಳೆ ಮೂಗುದಾರ ಇನ್ನೂ ನೇತಾಡ್ತಿದೆ. ತಾತ ಅದನ್ನು ಯಾಕೆ ಬಿಸಾಡಿಲ್ಲ ಅಂತ ನಾನು ಕೇಳಿಲ್ಲ.