ಅಹಿಂಸಾ ರೇಷ್ಮೆ

ಗೂಡಿನೊಳಗಿನ ಕೋಶವನ್ನು (ಪ್ಯೂಪಾ) ಕೊಲ್ಲದೆ, ಪತಂಗ ಹೊರಬಂದ ಮೇಲೆ ಉಳಿದ ಖಾಲಿ ಗೂಡಿನಿಂದ ತೆಗೆದ ರೇಷ್ಮೆ. ಇದನ್ನು ಸೀರೆಯಾಗಿಸಿ ಹೆಸರು ಮಾಡಿದವರು ಅವಿಭಜಿತ ಆಂಧ್ರಪ್ರದೇಶದ ಕೈಮಗ್ಗ ನೇಕಾರರ ಸಹಕಾರ ಸಂಘ 'ಆಪ್ಕೊ'ದಲ್ಲಿ ಅಧಿಕಾರಿಯಾಗಿದ್ದ ಕುಸುಮ ರಾಜಯ್ಯ. ಆರ್. ವೆಂಕಟರಾಮನ್ ರಾಷ್ಟ್ರಪತಿಯಾಗಿದ್ದಾಗ (1987–92) ಅವರ ಪತ್ನಿ ಜಾನಕಿ ವೆಂಕಟರಾಮನ್, ಹುಳು ಕೊಲ್ಲದ ರೇಷ್ಮೆ ಸೀರೆ ಸಿಗುತ್ತದೆಯೇ ಎಂದು ಕೇಳಿದ್ದೇ ಈ ಪ್ರಯತ್ನಕ್ಕೆ ಕಾರಣ. ಮುಂದೆ ರಾಜಯ್ಯ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು.

ಬೆಳೆದು ಹಣ್ಣಾದ ಹುಳು ಚಂದ್ರಿಕೆ ಎಂಬ ತಟ್ಟೆಯಲ್ಲಿ ಎರಡು ಮೂರು ದಿನ ನೂಲು ಸುತ್ತಿ ಗೂಡು ಕಟ್ಟುತ್ತದೆ. ಹಾಗೇ ಬಿಟ್ಟರೆ ಒಳಗಿನ ಕೋಶ ಪತಂಗವಾಗಿ, ಬಾಯಿಂದ ದ್ರವ ಸುರಿಸಿ, ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ನೂರಾರು ಮೀಟರ್ ಉದ್ದದ ಎಳೆ ಆಗ ತುಂಡಾಗುತ್ತದೆ. ಆದ್ದರಿಂದ ರೀಲರುಗಳು ಬಿಸಿಗಾಳಿ ಅಥವಾ ಹಬೆಯಲ್ಲಿ ಕೋಶವನ್ನು ಮೊದಲೇ ಸಾಯಿಸಿ, ಗೂಡು ಬೇಯಿಸಿ ನೂಲು ಬಿಚ್ಚುತ್ತಾರೆ. ರಾಮನಗರ, ಶಿಡ್ಲಘಟ್ಟ, ಗಡಿಯಾಚೆಯ ಹಿಂದೂಪುರದ ಮಾರುಕಟ್ಟೆಗಳಿಗೆ ಬರುವ ಗೂಡುಗಳ ಗತಿ ಇದೇ. ಮಡಿ ಎಂದು ನಾವು ಉಡುವ ಪಟ್ಟೆಯೂ ಹೀಗೆಯೇ ಬಂದದ್ದು. ಈ ಹಿಂಸೆಯ ಕಾರಣಕ್ಕೇ ಕಾಂಚಿ ಮಠದ ಸ್ವಾಮಿಗಳಾಗಿದ್ದ ಚಂದ್ರಶೇಖರೇಂದ್ರ ಸರಸ್ವತಿಯವರು ರೇಷ್ಮೆ ಸೀರೆ ಬಿಡುವಂತೆ ಭಕ್ತೆಯರಿಗೆ ಹೇಳುತ್ತಿದ್ದರು.

ತೂತುಬಿದ್ದ ಗೂಡನ್ನು ಹತ್ತಿಯಂತೆ ನೂಲಬೇಕು. ಬಟ್ಟೆ ಮೆತ್ತಗಿರುತ್ತದೆ, ಹೊಳಪು ಕಡಿಮೆ, ಬೆಲೆ ಹೆಚ್ಚು.

ಹೆಸರಿನಲ್ಲಿರುವ ಅಹಿಂಸೆ ಎಷ್ಟು ದೂರ ಸಾಗುತ್ತದೆ ಎಂಬುದು ನಿಜವಾದ ಪ್ರಶ್ನೆ. ಸಾವಿರಾರು ವರ್ಷ ಸಾಕಿದ ಹಿಪ್ಪುನೇರಳೆ ರೇಷ್ಮೆಹುಳುವಿನ ಪತಂಗ ಹಾರಲಾರದು, ಏನನ್ನೂ ತಿನ್ನಲಾರದು; ಕೂಡಿ, ಮುನ್ನೂರರಿಂದ ಐನೂರು ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಅಷ್ಟೂ ಮರಿಗಳಿಗೆ ಹಿಪ್ಪುನೇರಳೆ ಸೊಪ್ಪು ಒದಗಿಸುವುದು ಯಾವ ರೈತನಿಂದಲೂ ಆಗದು. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲೂ ಪತಂಗ ಹೊರಬಂದ ಗೂಡು ಸಿಗುತ್ತದೆ. ಆದರೆ ಅಲ್ಲಿ ಮೊಟ್ಟೆಯಿಟ್ಟ ತಾಯಿಯನ್ನು ಪೆಬ್ರಿನ್ ರೋಗದ ಪರೀಕ್ಷೆಗಾಗಿ ಅರೆಯುತ್ತಾರೆ. ಅಂಥ ಗೂಡಿನ ನೂಲನ್ನೂ ಅಹಿಂಸೆಯ ಹೆಸರಿನಲ್ಲಿ ಮಾರುವುದು ಅನ್ಯಾಯ. ಅಸ್ಸಾಮಿನ ಎರಿ ಹುಳುವಿನ ಗೂಡು ಒಂದು ತುದಿಯಲ್ಲಿ ತೆರೆದೇ ಇರುವುದರಿಂದ ಕೊಲ್ಲುವ ಅಗತ್ಯವಿಲ್ಲ. ಆದರೆ ಎರಿ ಕೋಶ ಅಲ್ಲಿನವರ ಆಹಾರವೂ ಹೌದು. ಇಷ್ಟಾದರೂ ಹಿಪ್ಪುನೇರಳೆ ರೇಷ್ಮೆಯಲ್ಲೂ ಗೂಡಿನೊಳಗಿನ ಜೀವವನ್ನು ಬೇಯಿಸದೆ ಸೀರೆ ನೇಯಬಹುದೆಂದು ತೋರಿಸಿಕೊಟ್ಟದ್ದು ರಾಜಯ್ಯನವರ ದೊಡ್ಡ ಕೆಲಸ.

ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ 'ಸಿಲ್ಕ್ ಮಾರ್ಕ್' ಚೀಟಿ ಬಟ್ಟೆ ಅಪ್ಪಟ ರೇಷ್ಮೆ ಎಂಬುದಕ್ಕೆ ಮಾತ್ರ ಖಾತರಿ. ಹುಳು ಬದುಕಿತೇ ಎಂಬುದನ್ನು ಅದು ಹೇಳುವುದಿಲ್ಲ.