ಒಂದು ಧ್ವಜದ ಕಾಸ್ಟ್ ಶೀಟ್ (ನಮ್ಮೂರ ಇತಿಹಾಸ, 6 ಭಾಗ)

1/6
ಕಾಲೇಜಿನ ಸ್ಥಳೀಯ ಇತಿಹಾಸ ಪ್ರಾಜೆಕ್ಟ್ ಸ್ಪರ್ಧೆ ಬಗ್ಗೆ ಸ್ಟೋರಿ ಹಾಕಿದ್ನೆಲ್ಲ, "ನಿಮ್ಮ ಟೀಮ್ ಏನ್ ಮಾಡ್ತು?" ಅಂತ ಭಾಳ ಮಂದಿ ಕೇಳಿದ್ರಿ. ರೂಲ್ ಎರಡೇ ಇದ್ವು. ವಿಷಯ ಹುಬ್ಬಳ್ಳಿ-ಧಾರವಾಡದ್ದೇ ಇರಬೇಕು. ಬರೇ ಪ್ರಬಂಧ ಬರದ್ರ ನಡೆಯಂಗಿಲ್ಲ, ಏನರ ಮಾಡಿ ತೋರಿಸಬೇಕು. ಬಿ.ಎ.ದವರು ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಹಿಡಿದ್ರು. ಇನ್ನೊಂದು ಟೀಮ್ 1942ರ ಚಳವಳಿಯೊಳಗ ಪ್ರಾಣ ಕೊಟ್ಟ ಹುಡುಗ ನಾರಾಯಣ ಡೋಣಿ ಬಗ್ಗೆ ನಾಟಕ ಮಾಡ್ತು. ನಾವು ನಾಲ್ಕೂ ಮಂದಿ ಬಿಕಾಂ. ನಮಗೇನು ಗೊತ್ತು ಇತಿಹಾಸ? ನಮ್ಮ ಓಣಿಯ ಕಾಕು ಅಂದ್ರು: "ಬೆಂಗೇರಿಗೆ ಹೋಗಿ ಬರ್ರಿ. ಝಂಡಾ ಎಲ್ಲಿಂದ ಬರ್ತದ ನೋಡ್ರಿ." ಕಾಕು ಒಂದು ಕಾಲಕ್ಕ ಧ್ವಜ ಹೊಲಿದವರು.

2/6
1956ರ ನವೆಂಬರ್ 1ಕ್ಕ ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿತು. ಸರಿಯಾಗಿ ಒಂದು ವರ್ಷಕ್ಕ, 1957ರ ನವೆಂಬರ್ 1ಕ್ಕ, ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿತು. ರಾಜ್ಯದ ಹೆಸರು ಇನ್ನೂ ಮೈಸೂರು, ಸಂಘದ ಹೆಸರಿನಾಗ ಆಗಲೇ ಕರ್ನಾಟಕ! ಧಾರವಾಡ ಹತ್ತಿರದ ಗರಗದಾಗೂ ಧ್ವಜದ ಖಾದಿ ನೇಯ್ದಾರ. 2006ರಲ್ಲಿ ಬೆಂಗೇರಿಯ ಘಟಕಕ್ಕ ಖಾದಿ ರಾಷ್ಟ್ರಧ್ವಜ ಮಾಡಾಕ ಬಿಐಎಸ್ ಪ್ರಮಾಣಪತ್ರ ಸಿಕ್ತು. ಇನ್ನೊಂದು ಮಾತು: ನಮ್ಮ ದೇಶದ ಮಾನದಂಡಗಳ ಪಟ್ಟಿಯಲ್ಲಿ ನಂಬರ್ 1 ಯಾವುದು ಗೊತ್ತೇನು? ಸಿಮೆಂಟ್ ಅಲ್ಲ, ಕಬ್ಬಿಣ ಅಲ್ಲ. 1951ರ ಐಎಸ್ 1, ರಾಷ್ಟ್ರಧ್ವಜದ್ದು.

3/6
ಬಟ್ಟೆ ಬರೋದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಕಡೆಯಿಂದ. ಹತ್ತಿ ನೂಲಾಗಬೇಕು, ನೂಲು ಮಗ್ಗಕ್ಕ ಏರಬೇಕು. ಆಮೇಲೆ ಬಣ್ಣ, ಕತ್ತರಿ, ಚಕ್ರದ ಅಚ್ಚು, ಹೊಲಿಗಿ, ಹಗ್ಗ. ಅಳತೆ ಒಂಬತ್ತು ನಮೂನಿ: ಸಣ್ಣದು 150×100 ಮಿಮೀ, ದೊಡ್ಡದು 6300×4200 ಮಿಮೀ. ಯಾವುದೇ ಇರಲಿ, ಉದ್ದ-ಅಗಲ 3:2. ಚಕ್ರದ 24 ಗೆರೆ ಎರಡೂ ಕಡೆ ಒಂದೇ ಜಾಗಕ್ಕ ಕೂಡಬೇಕು. ಕಾಕು ಹೇಳಿದ್ರು: "ಹೊಲಿಗಿ ಒಂದೀಟು ಸೊಟ್ಟ ಆದ್ರ ಬಿಚ್ಚಿ ಮತ್ತ ಹಾಕೋದು. ಕುಪ್ಪಸ ಆಗಿದ್ರ ನಡೀತಿತ್ತು, ಇದು ನಡೆಯಂಗಿಲ್ಲ." ಇಲ್ಲಿ ಕೆಲಸ ಮಾಡೋರು ಹೆಚ್ಚಿನವರು ಹೆಣ್ಮಕ್ಕಳೇ.

4/6
ಈಗ ನಿಜವಾದ ಕಥಿ. 2021ರ ಡಿಸೆಂಬರ್ 30ಕ್ಕ ಧ್ವಜ ಸಂಹಿತೆ ತಿದ್ದುಪಡಿ ಆತು. ಕೈಯಿಂದ ನೂತು ನೇಯ್ದದ್ದೇ ಆಗಬೇಕು ಅನ್ನೋದು ಹೋಗಿ, ಮಷೀನಿನ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ತು. 2022ರ ಆಗಸ್ಟ್‌ನಾಗ ಮನಿಮನಿಗೂ ತಿರಂಗಾ ಬಂತು. ಪಾಲಿಯೆಸ್ಟರ್ ಧ್ವಜಕ್ಕೂ ಜಿಎಸ್‌ಟಿ ಇಲ್ಲ ಅಂತ ಸರ್ಕಾರ ಸ್ಪಷ್ಟ ಮಾಡ್ತು. ಖಾದಿಯವರು ವಿರೋಧ ಮಾಡಿದ್ರು, ಹುಬ್ಬಳ್ಳಿಯಾಗ ಪ್ರತಿಭಟನೆನೂ ಆತು. ಎರಡೂ ಕಡೆ ಮಾತು ಅದಾವ ನೋಡ್ರಿ. ಅಗ್ಗದ ಧ್ವಜ ಬಂದಿದ್ದಕ್ಕ ಬಡವರ ಮನಿ ಮ್ಯಾಲೂ ಅದು ಹಾರಿತು. ಅದೇ ಕಾರಣಕ್ಕ ನೂಲುವ ಕೈಗೆ ಕೆಲಸದ ಚಿಂತಿ ಹತ್ತಿತು. ಖರೇ ಹೇಳ್ತೀನಿ, ನಮ್ಮ ಮನಿಯಾಗಿದ್ದದ್ದೂ ಪಾಲಿಯೆಸ್ಟರೇ.

5/6
ಹಂಗಾಗಿ ನಾವು ಮಾಡಿದ್ದು ನಮಗ ಬರೋದನ್ನೇ: ಕಾಸ್ಟ್ ಶೀಟ್. ಎರಡು ಧ್ವಜ ಬಾಜೂಕ ಬಾಜೂಕ ಇಟ್ವಿ, ಒಂದು ಖಾದಿ, ಒಂದು ಪಾಲಿಯೆಸ್ಟರ್. ಕೆಳಗ ಎರಡು ದೊಡ್ಡ ಹಾಳಿ. ರೂಪಾಯಿ ಬರಿಯೋ ಕಾಲಂನಾಗ ರೂಪಾಯಿ ಬರೀಲಿಲ್ಲ, "ಯಾರ ಕೈ?" ಅಂತ ಬರದ್ವಿ. ಖಾದಿ ಹಾಳಿಯಾಗ ನೂಲುವವರು, ನೇಯುವವರು, ಬಣ್ಣ ಹಾಕುವವರು, ಅಚ್ಚು ಒತ್ತುವವರು, ಹೊಲಿಯುವವರು ಅಂತ ಸಾಲು ಇಳೀತಾ ಹೋತು. ಪಾಲಿಯೆಸ್ಟರ್ ಹಾಳಿಯಾಗ ಭಾಳ ಕಡೆ "ಮಷೀನ್". ಹೊಲಿಗಿ ಸಾಲಿನ ಎದುರಿಗೆ ಕಾಕು ತಮ್ಮ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ರು. ಸಹಿ ಬರಲ್ಲ ಅಂತಲ್ಲ, "ಕೈ ಕೇಳೀರಿ, ಕೈಯೇ ಕೊಡ್ತೀನಿ" ಅಂದ್ರು.

6/6
ತೀರ್ಪುಗಾರರು ಕೇಳಿದ್ರು: "ಇದು ನಿನ್ನೆ ಮೊನ್ನೆದು. ಇತಿಹಾಸ ಹೆಂಗಾತು?" ನಂಗ ಒಂದು ನಿಮಿಷ ಬಾಯೇ ಬರಲಿಲ್ಲ. ಆಮೇಲೆ ಅಂದೆ: "ಸರ್, ಗುಡಿ ಕಟ್ಟಿದವರ ಹೆಸರು ಯಾರೂ ಬರದಿಟ್ಟಿಲ್ಲ. ಧ್ವಜ ಹೊಲಿದವರು ಇನ್ನೂ ನಮ್ಮ ಓಣಿಯಾಗ ಅದಾರ. ಈಗ ಬರದ್ರ ಇತಿಹಾಸ, ಬಿಟ್ರ ಅದೂ ಹೋತು." ಅವರು ನಕ್ಕು ಏನೋ ಬರಕೊಂಡ್ರು. ಪ್ರೈಜ್ ಮಾತ್ರ ಗುಡಿ ಟೀಮಿಗೇ ಹೋತು. ಅವರ ಮಾಡೆಲ್ ಮಸ್ತ್ ಇತ್ತು, ಸುಳ್ಳು ಯಾಕ ಹೇಳ್ಲಿ.

ಜೂನಿಯರ್ಸ್, ಮುಂದಿನ ಸಲ ನೀವು ಕೂಡ್ರಿ. ಗೂಗಲ್‌ಗಿಂತ ಮೊದಲು ನಿಮ್ಮ ಓಣಿ ಹಿರಿಯರನ್ನ ಕೇಳ್ರಿ. ರೈಲ್ವೆ ವರ್ಕ್‌ಶಾಪಿನಾಗ, ಗಿರಣಿಯಾಗ, ಪೇಡಾ ಅಂಗಡಿಯಾಗ ದುಡಿದವರು ಎಲ್ಲರ ಮನಿ ಹತ್ತಿರ ಒಬ್ಬರರ ಇರ್ತಾರ. ಆಗಸ್ಟ್ 15ಕ್ಕ ಧ್ವಜ ತಗೋವಾಗ ಅಂಚಿನ ಹೊಲಿಗಿ ಒಮ್ಮೆ ಮುಟ್ಟಿ ನೋಡ್ರಿ. ನಿಮ್ಮ ಮನಿಯವರು ಏನ್ ಕೆಲಸ ಮಾಡ್ತಿದ್ರು? ಕೆಳಗ ಬರೀರಿ, ಎಲ್ಲಾ ಓದ್ತೀನಿ.

#ನಮ್ಮಹುಬ್ಬಳ್ಳಿ #ಧಾರವಾಡ #ಬೆಂಗೇರಿ #ಓಣಿಇತಿಹಾಸ