ಒಂದೇ ಉಪಗ್ರಹ, ನಾಲ್ಕು ಕೆಲಸ

1982ರ ಏಪ್ರಿಲ್‌ನಲ್ಲಿ ಮೇಲೇರಿದ ಇನ್ಸಾಟ್-1ಎ ಅದೇ ಸೆಪ್ಟೆಂಬರ್‌ನಲ್ಲಿ ಕೈತಪ್ಪಿತು. ಅದರ ಸೋಲಿನ ಬೀಜ ಅದರ ಆಕಾರದಲ್ಲೇ ಇತ್ತು. ದೂರವಾಣಿ, ಟಿವಿ, ರೇಡಿಯೋ, ಹವಾಮಾನ ಈ ನಾಲ್ಕನ್ನೂ ಒಂದೇ ಉಪಗ್ರಹ ನಿಭಾಯಿಸಬೇಕೆಂದು ಭಾರತ ಕೇಳಿತ್ತು. ಅಮೆರಿಕದ ಫೋರ್ಡ್ ಏರೋಸ್ಪೇಸ್ ಹಾಗೆಯೇ ಕಟ್ಟಿಕೊಟ್ಟಿತು. ಮೋಡಗಳ ಚಿತ್ರ ತೆಗೆಯುವ ಉಪಕರಣದ ಒಂದು ಭಾಗ ಸದಾ ತಣ್ಣಗಿರಬೇಕು, ಅದರೆದುರು ಕಾದ ಫಲಕ ಇರಕೂಡದು. ಹೀಗಾಗಿ ಸೌರಫಲಕಗಳೆಲ್ಲ ಒಂದೇ ಮಗ್ಗುಲಿಗೆ ಬಂದವು. ಬಿಸಿಲಿಗೂ ಒತ್ತಡವುಂಟು, ಅದು ಒಂದೇ ಕಡೆ ಬಿದ್ದರೆ ಉಪಗ್ರಹ ಮೆಲ್ಲಗೆ ವಾಲುತ್ತದೆ. ಸರಿದೂಗಿಸಲು ಇನ್ನೊಂದು ಮಗ್ಗುಲಿನ ಉದ್ದನೆಯ ತೋಳಿನ ತುದಿಗೆ ಹಗುರವಾದ ಹಾಯಿ ಇಟ್ಟಿದ್ದರು. ಆ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಬೇರೆ ತೊಂದರೆಗಳೂ ಸೇರಿ, ಉಪಗ್ರಹವನ್ನು ನೆಟ್ಟಗೆ ನಿಲ್ಲಿಸುವ ಇಂಧನವೇ ಬರಿದಾಯಿತು.

ಹಾಗಿದ್ದರೆ ಒಂದೊಂದು ಕೆಲಸಕ್ಕೆ ಒಂದೊಂದು ಸರಳ ಉಪಗ್ರಹ ಸಾಕಿತ್ತಲ್ಲವೇ? ಆಕ್ಷೇಪ ನ್ಯಾಯವಾದದ್ದೇ. ಆದರೆ ಆಗ ನಮ್ಮ ಬಳಿ ಅಷ್ಟು ಎತ್ತರಕ್ಕೆ ಒಯ್ಯುವ ರಾಕೆಟ್ ಇರಲಿಲ್ಲ; ಪ್ರತಿ ಉಡಾವಣೆಗೂ ಪರದೇಶಕ್ಕೆ ಹಣ ತೆರಬೇಕಿತ್ತು. ಮೂರ್ನಾಲ್ಕು ಇಲಾಖೆಗಳು ಹಂಚಿಕೊಂಡದ್ದರಿಂದಲೇ ಒಂದು ಉಪಗ್ರಹವಾದರೂ ದಕ್ಕಿತು. 1983ರ ಆಗಸ್ಟ್‌ನಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಒಯ್ದ ಮುಂದಿನ ಉಪಗ್ರಹ ಇನ್ಸಾಟ್-1ಬಿ ಕೂಡ ಮೊದಮೊದಲು ಸೌರಫಲಕ ಬಿಚ್ಚದೆ ಕಾಡಿತು. ಹಾಸನದ ನಿಯಂತ್ರಣ ಕೇಂದ್ರದಲ್ಲಿ ಪಟ್ಟುಬಿಡದೆ ಪ್ರಯತ್ನಿಸಿದ ಮೇಲೆ ದಾರಿಗೆ ಬಂತು. ಊರೂರಿಗೆ ಟಿವಿ ಬಂದದ್ದು ಆಮೇಲೆ. ಆದರೆ ಈ ಜೋಡಣೆಯ ನಿಜವಾದ ಬೆಲೆ ತಿಳಿದದ್ದು ಸಮುದ್ರದ ದಂಡೆಯಲ್ಲಿ. ಅದೇ ಉಪಗ್ರಹ ಚಂಡಮಾರುತದ ಚಿತ್ರ ಕಳಿಸುತ್ತಿತ್ತು. ಹವಾಮಾನ ಇಲಾಖೆಯ ಎಚ್ಚರಿಕೆಯನ್ನೂ ಅದೇ ಹೊತ್ತು ತಂದು ಕರಾವಳಿಯ ಹಳ್ಳಿಗಳಲ್ಲಿಟ್ಟ ಗ್ರಾಹಕ ಪೆಟ್ಟಿಗೆಗಳಲ್ಲಿ ಸೈರನ್ ಕೂಗಿಸುತ್ತಿತ್ತು. ಆಂಧ್ರದಲ್ಲಿ 1977ರ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 1990ರ ಮೇ ತಿಂಗಳ ಚಂಡಮಾರುತಕ್ಕೆ ಸುಮಾರು ಒಂದು ಸಾವಿರ. ಜನರನ್ನು ಮುಂಚೆಯೇ ಸಾಗಿಸಿದ ಆಡಳಿತದ ಪಾಲು ಇದರಲ್ಲಿ ದೊಡ್ಡದು, ಒಪ್ಪತಕ್ಕದ್ದೇ. ಆದರೆ ಸಾಗಿಸಲು ಸಮಯ ಸಿಕ್ಕಿದ್ದು ಮುನ್ಸೂಚನೆಯಿಂದ.

ಬೆಂಗಳೂರಿನಲ್ಲಿ ಇಸ್ರೋ ತಾನೇ ಕಟ್ಟಿದ ಇನ್ಸಾಟ್-2ಎ 1992ರಲ್ಲಿ ಮೇಲೇರಿದಾಗಲೂ ಅದೇ ಒಂದು ಮಗ್ಗುಲಿನ ಫಲಕ, ಅದೇ ಹಾಯಿ. ಸೋತ ವಿನ್ಯಾಸವನ್ನು ಕುರುಡಾಗಿ ಅನುಕರಿಸಿದರೆಂದು ಇದನ್ನು ಹಳಿಯಲಾಗದು. ಅದರ ದೋಷ, ಗುಣ ಎರಡನ್ನೂ ಹತ್ತು ವರ್ಷ ಕಣ್ಣಾರೆ ಕಂಡವರು ಅವರು. ಹವಾಮಾನಕ್ಕೆಂದೇ ಪ್ರತ್ಯೇಕ ಉಪಗ್ರಹ ಬಂದದ್ದು 2002ರಲ್ಲಿ, ಅದೂ ನಮ್ಮದೇ ಪಿಎಸ್‌ಎಲ್‌ವಿ ಏರಿ.